ಪೊಸೂಸೊಗೆ ಹೋಗುವ ದಾರಿ

ಪೆರು ದೇಶದ ನಕ್ಷೆಯಲ್ಲಿ ಪೊಸೂಸೊ ಊರು ರಾಜಧಾನಿ ಲಿಮಾದಿಂದ ಅಷ್ಟೇನೂ ದೂರದಲ್ಲಿಲ್ಲ. ರಸ್ತೆ ಹಿಡಿದರೆ ಸುಮಾರು 460 ಕಿ.ಮೀ. ಆದರೆ ನಡುವೆ ಆಂಡೀಸ್ ಪರ್ವತ ಕೂತಿದೆ. ಕಡಲ ದಡದಿಂದ ಹೊರಟು 4,818 ಮೀಟರ್ ಹತ್ತಬೇಕು, ಅಲ್ಲಿಂದ 800 ಮೀಟರಿನವರೆಗೆ ಇಳಿಯಬೇಕು, ಮತ್ತೆ 1,800ಕ್ಕೆ ಏರಬೇಕು, ಕೊನೆಗೆ ಇನ್ನೊಮ್ಮೆ 800ರ ಆಸುಪಾಸಿಗೆ ಇಳಿದರೆ ಊರು. ಎಲ್ಲ ಸರಿಯಾಗಿ ಕೂಡಿಬಂದರೆ ಬರೀ ಪ್ರಯಾಣವೇ 13–16 ಗಂಟೆ. ದಾರಿ ಕೆಟ್ಟರೆ ಒಂದು ದಿನವೂ ಆಗಬಹುದು, ಮೂರು ದಿನವೂ ಆಗಬಹುದು.

ಇಂಗ್ಲಿಷ್ ಅಕ್ಷರ ನೋಡಿ ನಮ್ಮವರು ಪೊಜುಜೊ ಎಂದು ಓದುತ್ತಾರೆ. ಬಸ್ ನಿಲ್ದಾಣದಲ್ಲಿ ಹಾಗೆ ಕೇಳಿದರೆ ಬೇಗ ಅರ್ಥವಾಗುವುದಿಲ್ಲ. ಅಲ್ಲಿಯವರ ಬಾಯಲ್ಲಿ ಅದು ಪೊಸೂಸೊ.

1859ರಲ್ಲಿ ಈ ಕಣಿವೆಗೆ ಬಂದು ನೆಲೆಸಿದವರು ಆಸ್ಟ್ರಿಯದ ಟಿರೋಲ್ ಸೀಮೆಯ ರೈತರು ಮತ್ತು ಆಗ ಪ್ರಷ್ಯ ಎಂಬ ಜರ್ಮನ್ ರಾಜ್ಯದ ಕೈಯಲ್ಲಿದ್ದ ರೈನ್ ನದಿಯ ಕಡೆಯವರು. ಎಲ್ಲರೂ ಕ್ಯಾಥೊಲಿಕರು, ಎಲ್ಲರೂ ಜರ್ಮನ್ ಮಾತಾಡುವವರು. ಅವರಿಗೂ ಇಲ್ಲಿಯ ಮುಖ್ಯ ತೊಡಕು ರಸ್ತೆಯೇ ಆಗಿತ್ತು, ಇಂದು ಹೋಗುವವರಿಗೂ ಅದೇ. ಊರಿನ ಮನೆ, ಊಟ, ಕಸುಬು, ಮಾತು ಎಲ್ಲಕ್ಕೂ ಕಾರಣ ಹುಡುಕುತ್ತ ಹೋದರೆ ಆ ರಸ್ತೆಗೇ ಬಂದು ನಿಲ್ಲುತ್ತೇವೆ. ಆದ್ದರಿಂದ ರಸ್ತೆಯಿಂದಲೇ ಹೇಳುತ್ತೇವೆ.

ಮೊದಲ ಕೆಲಸ ಕಾಲ ಗೊತ್ತುಮಾಡುವುದು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಅಲ್ಲಿ ಜೋರು ಮಳೆ, ಗುಡ್ಡ ಕುಸಿಯುವ ಕಾಲ. ಆ ನಾಲ್ಕು ತಿಂಗಳು ಹೋಗದಿರುವುದೇ ಮೇಲು. ಮೇ ತಿಂಗಳಿನಿಂದ ಸೆಪ್ಟೆಂಬರ್ ಒಳ್ಳೆಯದು. ಅದರಲ್ಲೂ ಒಂದು ವಾರದ ಬಗ್ಗೆ ಎಚ್ಚರ ಬೇಕು. ವಲಸಿಗರು ಬಂದು ತಲುಪಿದ ನೆನಪಿಗೆ ಪೊಸೂಸೊದಲ್ಲಿ ಜುಲೈ 25ರಿಂದ ಹಬ್ಬ. ಜುಲೈ 28 ಪೆರುವಿನ ಸ್ವಾತಂತ್ರ್ಯ ದಿನ, ಆಗ ಇಡೀ ದೇಶ ಊರಿಗೆ ಹೊರಟಿರುತ್ತದೆ. ಎರಡೂ ಒಂದರ ಮೇಲೊಂದು ಬೀಳುವುದರಿಂದ ಬಸ್ ಸೀಟಿಲ್ಲ, ಕೋಣೆಯಿಲ್ಲ, ದರ ಎರಡರಷ್ಟು. ಹಬ್ಬದ ಕುಣಿತ ನೋಡಲೇಬೇಕೆಂದಿದ್ದರೆ ಎರಡು ತಿಂಗಳ ಮೊದಲೇ ಕೋಣೆ ಹಿಡಿಯಬೇಕು. ಊರನ್ನು ಊರಾಗಿ ನೋಡಬೇಕೆನ್ನುವವರಿಗೆ ಜೂನ್ ಅಥವಾ ಆಗಸ್ಟ್ ನಡುಭಾಗ ಸಾಕು.

ವೀಸಾ ವಿಷಯ. ಭಾರತದ ಪಾಸ್‌ಪೋರ್ಟಿಗೆ ಪೆರು ವೀಸಾ ಬೇಕು. ಅದನ್ನು ಕೊಡುವ ರಾಯಭಾರ ಕಚೇರಿ ದೆಹಲಿಯಲ್ಲಿದೆ. ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯ ಅಥವಾ ಯುರೋಪಿನ ಷೆಂಗೆನ್ ದೇಶಗಳ ವೀಸಾ ಕನಿಷ್ಠ ಆರು ತಿಂಗಳು ಚಾಲ್ತಿಯಲ್ಲಿದ್ದರೆ, ಇಲ್ಲವೇ ಆ ದೇಶಗಳಲ್ಲಿ ಕಾಯಂ ವಾಸದ ಪರವಾನಗಿ ಇದ್ದರೆ ಪ್ರವಾಸಿಗರಿಗೆ ಬೇರೆ ವೀಸಾ ಬೇಡ ಎಂಬ ಸವಲತ್ತು 2017ರಿಂದ ಇದೆ. ಹೊರಡುವ ಮುಂಚೆ ರಾಯಭಾರ ಕಚೇರಿಯಲ್ಲಿ ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳಿ. ಬೆಂಗಳೂರಿನಿಂದ ಲಿಮಾಕ್ಕೆ ನೇರ ವಿಮಾನವಿಲ್ಲ. ಅಮೆರಿಕದ ಮೇಲಿಂದ ಟಿಕೆಟ್ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವವರು ನೆನಪಿಡಬೇಕು: ಅಲ್ಲಿ ಬರೀ ವಿಮಾನ ಬದಲಿಸಲೂ ವೀಸಾ ಕೇಳುತ್ತಾರೆ.

ಇದಕ್ಕಿಂತ ಹೆಚ್ಚು ಜನ ಎಡವುವುದು ಹಳದಿ ಜ್ವರದ ಲಸಿಕೆಯಲ್ಲಿ. ಆಂಡೀಸಿನ ಪೂರ್ವದ ಇಳಿಜಾರಿನ ಕಾಡುಗಳು ಹಳದಿ ಜ್ವರ ಇರುವ ಜಾಗ, ಪೊಸೂಸೊ ಅಲ್ಲಿಯೇ ಇದೆ. ಆದ್ದರಿಂದ ಲಸಿಕೆ ನಿಮ್ಮ ಜೀವದ ಮೇಲಿನ ಕಾಳಜಿಗೇ ಬೇಕು. ಇನ್ನೊಂದು ಕಾರಣ ಹಿಂತಿರುಗುವಾಗ. ಪೆರುವಿನಂಥ ದೇಶದಿಂದ ಭಾರತಕ್ಕೆ ಬಂದಿಳಿದಾಗ ಲಸಿಕೆಯ ಹಳದಿ ಕಾರ್ಡು ತೋರಿಸದಿದ್ದರೆ ಆರು ದಿನದವರೆಗೆ ಕ್ವಾರಂಟೈನಿನಲ್ಲಿ ಇರಿಸಬಹುದು. ಲಸಿಕೆ ಎಲ್ಲ ಆಸ್ಪತ್ರೆಗಳಲ್ಲಿ ಸಿಗುವುದಿಲ್ಲ, ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ. ಬೆಂಗಳೂರಿನಲ್ಲಿ ಶೇಷಾದ್ರಿ ರಸ್ತೆಯ ಸಾರ್ವಜನಿಕ ಆರೋಗ್ಯ ಸಂಸ್ಥೆ ಅಂಥ ಒಂದು ಕೇಂದ್ರ. ಒಂದು ಸೀಸೆಯಲ್ಲಿ ಹಲವರಿಗಾಗುವಷ್ಟು ಮದ್ದು ಇರುತ್ತದೆ, ಕಲಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಹಾಗಾಗಿ ಇಂಥ ಕೇಂದ್ರಗಳು ಸಾಮಾನ್ಯವಾಗಿ ವಾರದ ಗೊತ್ತಾದ ದಿನ ಹೆಸರು ಬರೆಸಿದವರನ್ನೇ ಕರೆಯುತ್ತವೆ. ಮೂಲ ಪಾಸ್‌ಪೋರ್ಟ್ ಒಯ್ಯಬೇಕು. ಚುಚ್ಚಿಸಿಕೊಂಡ ಹತ್ತು ದಿನದ ಮೇಲಷ್ಟೇ ಕಾರ್ಡಿಗೆ ಬೆಲೆ, ಆಮೇಲೆ ಜೀವಮಾನವಿಡೀ ನಡೆಯುತ್ತದೆ. ಮೊಟ್ಟೆ ಒಗ್ಗದವರು, 60 ದಾಟಿದವರು, ಬಸುರಿಯರು ಮೊದಲೇ ವೈದ್ಯರಿಗೆ ಹೇಳಬೇಕು. ನಮ್ಮ ಸಲಹೆ: ವಿಮಾನದ ಟಿಕೆಟ್ ಕೊಂಡ ವಾರವೇ ಲಸಿಕೆಯ ದಿನ ಹಿಡಿಯಿರಿ.

ಸಾಮಾನು ಬೆನ್ನಿಗೆ ಹಾಕುವ ಚೀಲದಲ್ಲಿರಲಿ, ಗಾಲಿಯ ಸೂಟ್‌ಕೇಸ್ ಬೇಡ. ಯಾಕೆ ಎಂಬುದು ಕೊನೆಯ 80 ಕಿ.ಮೀ.ನಲ್ಲಿ ಗೊತ್ತಾಗುತ್ತದೆ. ಸ್ವೆಟರ್, ಟೋಪಿ ಕೈಚೀಲದಲ್ಲೇ ಇರಬೇಕು, ಬಸ್ಸಿನ ಡಿಕ್ಕಿಗೆ ಹೋದರೆ ಬೇಕಾದಾಗ ಸಿಗುವುದಿಲ್ಲ. ಕಾಡಿಗೆ ಉದ್ದ ತೋಳಿನ ಅಂಗಿ, ಪೂರ್ತಿ ಪ್ಯಾಂಟು, ಸೊಳ್ಳೆ ಮುಲಾಮು. ಕಣಿವೆಯ ಕಡೆ ಕಣ್ಣಿಗೆ ಕಾಣದಷ್ಟು ಸಣ್ಣ ನೊಣಗಳು ಕಣಕಾಲನ್ನೇ ಹುಡುಕಿ ಕಚ್ಚುತ್ತವೆ, ತುರಿಕೆ ವಾರಗಟ್ಟಲೆ ಉಳಿಯುತ್ತದೆ. ಹಣ ನಗದಾಗಿ, ಪೆರುವಿನ ನಾಣ್ಯವಾದ ಸೋಲ್ ನೋಟುಗಳಲ್ಲಿ, ಅದರಲ್ಲೂ 10 ಮತ್ತು 20ರ ನೋಟುಗಳಲ್ಲಿ ಇರಲಿ. ಕಾರ್ಡನ್ನೇ ನಂಬಿ, ಪೊಸೂಸೊಗೆ ಮೊದಲು ಸಿಗುವ ದೊಡ್ಡ ಊರು ಓಕ್ಸಪಂಪ ದಾಟಬೇಡಿ.

ಇನ್ನು ರಸ್ತೆ. ಮಧ್ಯ ಪೆರುವಿನ ಕಾಡಿನ ಕಡೆ ಹೋಗುವ ಬಸ್ಸುಗಳು ಲಿಮಾದ ಯೆರ್ಬತೆರೋಸ್ ನಿಲ್ದಾಣದಿಂದಲೂ ಲಾ ವಿಕ್ಟೋರಿಯ ಬಡಾವಣೆಯ ಬಸ್ ಕಚೇರಿಗಳಿಂದಲೂ ಹೊರಡುತ್ತವೆ. ಹೆಚ್ಚಿನವು ರಾತ್ರಿ ಬಸ್ಸುಗಳು. ಓಕ್ಸಪಂಪದವರೆಗೆ ನೇರ ಬಸ್ಸಾದರೆ ಹತ್ತರಿಂದ ಹನ್ನೆರಡು ಗಂಟೆ. ನೇರ ಸಿಗದಿದ್ದರೆ ಅದಕ್ಕಿಂತ ಮೊದಲು ಸಿಗುವ ಊರು ಲಾ ಮೆರ್ಸೆದ್‌ವರೆಗೆ ಬಂದು ಅಲ್ಲಿ ವಾಹನ ಬದಲಿಸಬಹುದು. ಪಾಸ್‌ಪೋರ್ಟ್ ತೋರಿಸದೆ ಟಿಕೆಟ್ ಕೊಡುವುದಿಲ್ಲ.

ಲಿಮಾ ಬಿಟ್ಟು ಚೊಸಿಕ ದಾಟುತ್ತಿದ್ದಂತೆ ಏರು ಶುರು. ನಾಲ್ಕೈದು ಗಂಟೆಯಲ್ಲಿ ಬಸ್ಸು ತಿಕ್ಲಿಯೊ ಕಣಿವೆದಾರಿಗೆ, ಅಂದರೆ 4,818 ಮೀಟರಿಗೆ ಬಂದಿರುತ್ತದೆ. ದೇಹ ಒಗ್ಗಿಕೊಳ್ಳಲು ಇದು ಏನೇನೂ ಸಾಲದ ಸಮಯ. ತಲೆ ಸಿಡಿಯುವುದು, ವಾಂತಿ, ಎದೆ ಡವಡವ ಎನ್ನುವುದು ಸಾಮಾನ್ಯ. ಅಲ್ಲಿ ಇದನ್ನು ಸೊರೊಚೆ ಎನ್ನುತ್ತಾರೆ. ಸಮಾಧಾನವೆಂದರೆ ಬಸ್ಸು ಅಲ್ಲಿ ನಿಲ್ಲದೆ ಮುಂದಕ್ಕೆ ಇಳಿದು ಹೋಗುತ್ತದೆ. ಆದ್ದರಿಂದ ಮಾಡಬೇಕಾದದ್ದು ಇಷ್ಟೇ: ಹೊರಡುವ ಸಂಜೆ ಹೊಟ್ಟೆ ತುಂಬ ಉಣ್ಣಬೇಡಿ, ಮದ್ಯ ಮುಟ್ಟಬೇಡಿ, ನೀರನ್ನು ಗುಟುಕು ಗುಟುಕಾಗಿ ಕುಡಿಯುತ್ತಿರಿ, ಬೆಚ್ಚಗೆ ಹೊದ್ದು ಅಲುಗಾಡದೆ ಕೂತಿರಿ. ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವವರು ಬೆಂಗಳೂರಿನಲ್ಲೇ ವೈದ್ಯರನ್ನು ಕೇಳಿ ಹೊರಡಬೇಕು. ತಿಕ್ಲಿಯೊ ದಾಟಿ ಲಾ ಒರೊಯ, ಅಲ್ಲಿಂದ ತರ್ಮ. ತರ್ಮ 3,050 ಮೀಟರ್. ಮುಂದಿನ ಸುಮಾರು 70 ಕಿ.ಮೀ.ನಲ್ಲಿ ಬಸ್ಸು ಸಾನ್ ರಮೋನ್‌ವರೆಗೆ 2,000 ಮೀಟರಿಗೂ ಹೆಚ್ಚು ಇಳಿಯುತ್ತದೆ. ತಲೆನೋವು ಹೋಗಿ ಕಿವಿ ಮುಚ್ಚಿಕೊಳ್ಳುತ್ತದೆ. ಬೋಳು ಬೆಟ್ಟ ಹಸಿರಾಗಿ, ಕಿಟಕಿಯಲ್ಲಿ ಬಾಳೆಗಿಡ ಕಾಣಿಸಿದರೆ ಕಷ್ಟದ ಭಾಗ ಮುಗಿಯಿತೆಂದು ತಿಳಿಯಬಹುದು.

ಸಾನ್ ರಮೋನ್ ದಾಟಿದರೆ ಲಾ ಮೆರ್ಸೆದ್. ಅಲ್ಲಿಂದ ಓಕ್ಸಪಂಪಕ್ಕೆ ಸುಮಾರು 80 ಕಿ.ಮೀ., ಡಾಂಬರು ರಸ್ತೆ. ಶೇರ್ ಕಾರುಗಳು ದಿನವಿಡೀ ಓಡುತ್ತವೆ, ಸೀಟು ತುಂಬಿದ ಮೇಲೆ ಹೊರಡುತ್ತವೆ, ಎರಡು ಗಂಟೆಯ ದಾರಿ. ಓಕ್ಸಪಂಪದಲ್ಲಿ ಒಂದು ರಾತ್ರಿ ಇಳಿದುಕೊಳ್ಳಿ. ರಾತ್ರಿ ಬಸ್ಸಿನ ದಣಿವಿನಲ್ಲೇ ಮುಂದಕ್ಕೆ ಹೋಗುವುದು ತಪ್ಪು. ಈ ಊರೂ ಪೊಸೂಸೊದವರೇ ಕಟ್ಟಿದ್ದು. ಪೊಸೂಸೊ ಕಣಿವೆ ಇಕ್ಕಟ್ಟು, ಮಕ್ಕಳು ಮೊಮ್ಮಕ್ಕಳಿಗೆ ಹಂಚಲು ಸಮತಟ್ಟು ನೆಲ ಸಾಲಲಿಲ್ಲ. ಅಲ್ಲಿಂದ ಹೊರಟ ಮನೆತನಗಳು 1891ರಲ್ಲಿ ಈ ಅಗಲವಾದ ಬಯಲಿನಲ್ಲಿ ನೆಲೆ ಹೂಡಿದವು. ಇಂದು ಮಗಳ ಮನೆಯೇ ತಾಯಿಮನೆಗಿಂತ ದೊಡ್ಡದಾಗಿದೆ: ಬ್ಯಾಂಕು, ಆಸ್ಪತ್ರೆ, ದೊಡ್ಡ ಮಾರುಕಟ್ಟೆ ಎಲ್ಲ ಇಲ್ಲಿ.

ಸಂಜೆಯೇ ಪೊಸೂಸೊ ವ್ಯಾನುಗಳು ನಿಲ್ಲುವ ಜಾಗಕ್ಕೆ ಹೋಗಿ ಎರಡು ವಿಷಯ ಕೇಳಿ. ಬೆಳಗಿನ ಮೊದಲ ವ್ಯಾನು ಎಷ್ಟು ಹೊತ್ತಿಗೆ? ಇವತ್ತು ಆ ಕಡೆಯಿಂದ ವ್ಯಾನು ಬಂತೇ? ಎರಡನೆಯ ಪ್ರಶ್ನೆ ಹೆಚ್ಚು ಮುಖ್ಯ. ಬಂದಿದ್ದರೆ ದಾರಿ ತೆರೆದಿದೆ. ಬಂದಿಲ್ಲದಿದ್ದರೆ ಎಲ್ಲೋ ಗುಡ್ಡ ಇಳಿದಿದೆ. ಯಾವ ಫೋನಿನ ನಕ್ಷೆಯೂ ಇದನ್ನು ಇಷ್ಟು ನೇರವಾಗಿ ಹೇಳುವುದಿಲ್ಲ. ಮೊದಲ ವ್ಯಾನನ್ನೇ ಹಿಡಿಯಿರಿ. ದಾರಿಯಲ್ಲಿ ತೊಂದರೆಯಾದರೆ ಬಿಡಿಸಿಕೊಳ್ಳಲು ಹಗಲು ಬೆಳಕು ಉಳಿದಿರುತ್ತದೆ.

ಈ ಸುಮಾರು 80 ಕಿ.ಮೀ.ಗೆ ಮೂರರಿಂದ ನಾಲ್ಕು ಗಂಟೆ. ಹುವಂಕಬಂಬ ಎಂಬ ಹಳ್ಳಿಯವರೆಗೆ ಕಣಿವೆ ಅಗಲವಾಗಿದೆ, ಹುಲ್ಲುಗಾವಲು, ದನ, ಬೇಲಿ. ಅದಾದ ಮೇಲೆ ಎರಡೂ ಬದಿಯ ಬೆಟ್ಟ ಹತ್ತಿರ ಬರುತ್ತ ಬಂದು ನದಿ ಮತ್ತು ರಸ್ತೆ ಎರಡಕ್ಕಷ್ಟೇ ಜಾಗ ಉಳಿಯುತ್ತದೆ. ಇಲ್ಲಿ ದಾರಿ ಯನಚಾಗ–ಚೆಮಿಯೆನ್ ರಾಷ್ಟ್ರೀಯ ಉದ್ಯಾನದ ಅಂಚಿನ ಕಾಡಿನಲ್ಲಿ ಹೋಗುತ್ತದೆ. ಇದು 1986ರಲ್ಲಿ ಆದ ಉದ್ಯಾನ. ಒಂದು ಕಡೆ ಕಡಿದ ಬಂಡೆ, ಒಂದು ಕಡೆ ಕೆಳಗೆ ಹುವಂಕಬಂಬ ನದಿ. ಅಲ್ಲಲ್ಲಿ ತೊರೆಗಳು ಮೇಲಿನಿಂದ ಬಿದ್ದು ರಸ್ತೆಯ ಮೇಲೇ ಹರಿದು ನದಿಗೆ ಸೇರುತ್ತವೆ, ವ್ಯಾನು ಆ ನೀರಿನಲ್ಲೇ ಇಳಿದು ಹತ್ತುತ್ತದೆ. ಅಗಲ ಒಂದೇ ವಾಹನದ್ದು. ಎದುರಿಗೆ ದನದ ಲಾರಿ ಬಂದರೆ ಯಾರಿಗೆ ಅಗಲದ ಜಾಗ ಹತ್ತಿರವೋ ಅವರು ಹಿಂದಕ್ಕೆ ಸರಿಯಬೇಕು.

ಗುಡ್ಡ ಕುಸಿಯಲು ಕಾರಣ ದೊಡ್ಡ ಗುಟ್ಟಲ್ಲ. ಕಡಿದಾದ ಇಳಿಜಾರು, ಸಡಿಲ ಬಂಡೆಯ ಮೇಲೆ ತೆಳು ಮಣ್ಣು, ರಸ್ತೆಗಾಗಿ ಅದರ ಬುಡ ಕಡಿದಿದ್ದಾರೆ, ಕೆಳಗಿನಿಂದ ನದಿ ಕೊರೆಯುತ್ತದೆ. ಮೂರು ದಿನ ಮಳೆ ಹಿಡಿದರೆ ಮಣ್ಣು ನೀರು ಕುಡಿದು ಭಾರವಾಗಿ ಮರಗಳ ಸಮೇತ ಜಾರುತ್ತದೆ. ಹಾಗಾದಾಗ ಏನು ಮಾಡುತ್ತಾರೆ ಎಂಬುದು ತಿಳಿದಿದ್ದರೆ ಗಾಬರಿಯಾಗುವುದಿಲ್ಲ. ಕುಸಿತದ ಎರಡೂ ಬದಿಯಲ್ಲಿ ವಾಹನಗಳು ಸಾಲುಗಟ್ಟುತ್ತವೆ. ಯಂತ್ರ ಬರುವುದು ತಡವಾಗುತ್ತದೆ ಎಂದು ಕಂಡರೆ ಚಾಲಕರು ಜನರನ್ನು ಅದಲುಬದಲು ಮಾಡಿಕೊಳ್ಳುತ್ತಾರೆ, ಅಲ್ಲಿಯ ಮಾತಿನಲ್ಲಿ ತ್ರಾನ್ಸ್‌ಬೊರ್ದೊ. ಈ ಕಡೆಯ ಪ್ರಯಾಣಿಕರು ಸಾಮಾನು ಹೊತ್ತು ಕೆಸರು ದಾಟಿ ಆ ಕಡೆಯ ವ್ಯಾನು ಹತ್ತುತ್ತಾರೆ, ಆ ಕಡೆಯವರು ಈ ಕಡೆಗೆ. ಎರಡು ವ್ಯಾನೂ ಬಂದ ದಾರಿಗೆ ವಾಪಸು. ಗಾಲಿಯ ಸೂಟ್‌ಕೇಸ್ ಬೇಡ ಎಂದದ್ದು ಇದಕ್ಕೆ. ದಾಟುವಾಗ ಗಮನಿಸಬೇಕಾದದ್ದು: ಮೇಲಿನಿಂದ ಸಣ್ಣ ಕಲ್ಲು ಉರುಳುತ್ತಿದ್ದರೆ ಗುಡ್ಡ ಇನ್ನೂ ನಿಂತಿಲ್ಲ, ಕಾಯಬೇಕು. ದಾಟಲು ಹೊರಟರೆ ಒಬ್ಬರ ಹಿಂದೆ ಒಬ್ಬರು, ನಡುವೆ ಅಂತರ ಬಿಟ್ಟು. ಒಬ್ಬರು ಮಾತ್ರ ಈಚೆ ನಿಂತು ಮೇಲಕ್ಕೇ ಕಣ್ಣಿಟ್ಟಿರಬೇಕು. ಹಣದ ಮಾತು ಮೊದಲೇ ಆಗಲಿ, ಪೂರ್ತಿ ಬಾಡಿಗೆ ಕೊಟ್ಟವರು ಆಚೆಯ ವ್ಯಾನಿನಲ್ಲಿ ಮತ್ತೆ ಕೊಡಬೇಕೋ ಬೇಡವೋ ಎಂದು ಚಾಲಕರಿಬ್ಬರ ಮುಂದೆ ಕೇಳಿ ಖಾತ್ರಿ ಮಾಡಿಕೊಳ್ಳಿ. ಇಂಥ ತಾವಿನಲ್ಲಿ ಮೂರು ಗಂಟೆ ಕಾದರೂ ತಿನ್ನಲು ಏನೂ ಸಿಗದು. ಬ್ರೆಡ್ಡು, ಬಾಳೆಹಣ್ಣು, ಎರಡು ಲೀಟರ್ ನೀರು ಕೈಯಲ್ಲಿರಲಿ.

ಹೀಗೆ ಕೂತು ಕಾಯುವಾಗ 1857ರಲ್ಲಿ ಹೊರಟವರು ನೆನಪಾಗದೆ ಇರುವುದಿಲ್ಲ. ಬ್ಯಾರನ್ ಕೂನೊ ಡಾಮಿಯಾನ್ ಫಾನ್ ಶುಟ್ಸ್ ಹೋಲ್ಟ್ಸ್‌ಹೌಸನ್ ಎಂಬಾತ ಪೆರು ಸರ್ಕಾರದೊಂದಿಗೆ ಕರಾರು ಮಾಡಿಕೊಂಡು ಇವರನ್ನು ಕೂಡಿಸಿದ. ಟಿರೋಲಿನಲ್ಲಿ ಆಗ ಆಸ್ತಿಯಿಲ್ಲದವರು ಮದುವೆಯಾಗಬೇಕಾದರೂ ಊರ ಆಡಳಿತದ ಒಪ್ಪಿಗೆ ಬೇಕಿತ್ತು, ಅದು ಬಡವರಿಗೆ ಸುಲಭವಾಗಿ ಸಿಗುತ್ತಿರಲಿಲ್ಲ. ನೆಲ ಕೊಡುತ್ತಾರೆ, ರಸ್ತೆ ಮಾಡಿಟ್ಟಿರುತ್ತಾರೆ ಎಂಬ ಮಾತು ನಂಬಿ ಸುಮಾರು 300 ಜನ ಹೊರಟರು, ಜೊತೆಗೆ ಪಾದ್ರಿ ಜೋಸೆಫ್ ಎಗ್. ಮಾರ್ಚ್ ಕೊನೆಯಲ್ಲಿ ಆಂಟ್‌ವರ್ಪ್ ಬಂದರಿನಿಂದ ನಾರ್ಟನ್ ಎಂಬ ಹಡಗು. ಅದು ಹಕ್ಕಿಹಿಕ್ಕೆಯ ಗೊಬ್ಬರ ಸಾಗಿಸುತ್ತಿದ್ದ ಸರಕಿನ ಹಡಗು. ನಾಲ್ಕು ತಿಂಗಳಾದ ಮೇಲೆ ಪೆರುವಿನ ಕರಾವಳಿ ಸಿಕ್ಕಿತು. ಅಲ್ಲಿಂದ ಸೆರೊ ದೆ ಪಾಸ್ಕೊ ಕಡೆಯಿಂದ ಆಂಡೀಸ್ ಹತ್ತಿ ಇಳಿದರೆ, ಮಾಡಿಟ್ಟಿರುತ್ತೇವೆ ಎಂದಿದ್ದ ರಸ್ತೆ ಇರಲೇ ಇಲ್ಲ. ಹಲವರು ಅಲ್ಲಿಂದಲೇ ಬೇರೆ ಕಡೆ ಚದುರಿದರು, ಕೆಲವರು ಸತ್ತರು. ಉಳಿದವರು ತಾವೇ ಕತ್ತಿ, ಗುದ್ದಲಿ ಹಿಡಿದು ಕಾಡು ಕಡಿಯುತ್ತ ಎರಡು ವರ್ಷ ಕಳೆದು 1859ರ ಜುಲೈ ಕೊನೆಗೆ ಕಣಿವೆ ಮುಟ್ಟಿದರು. ತಲುಪಿದವರು ಸುಮಾರು 170. ವಾಹನ ಓಡುವ ರಸ್ತೆ ಊರಿಗೆ ಬಂದದ್ದು 1970ರ ದಶಕದ ನಡುವಿನಲ್ಲಿ, ಅಂದರೆ ನೂರು ವರ್ಷ ಕಳೆದು ಮತ್ತೂ ಹದಿನೈದು ವರ್ಷದ ಮೇಲೆ.

ಹಾಗೆಂದು ಅವರು ಬಂದದ್ದು ಯಾರೂ ಇಲ್ಲದ ನಾಡಿಗಲ್ಲ. ಇದು ಯನೇಶ ಜನರ ಕಾಡು. 18ನೇ ಶತಮಾನದಲ್ಲೇ ಫ್ರಾನ್ಸಿಸ್ಕನ್ ಪಾದ್ರಿಗಳು ಇಲ್ಲಿ ಬಂದು ನೆಲೆಯೂರಿ ಹೋಗಿದ್ದರು. ಓಕ್ಸಪಂಪ ಸೀಮೆಯನ್ನು ಯುನೆಸ್ಕೊ 2010ರಲ್ಲಿ ಜೀವಗೋಳ ಮೀಸಲು ಎಂದು ಗುರುತಿಸಿದಾಗ ಯನೇಶ ಮತ್ತು ಅಶಾನಿಂಕ ಜನರ ಹೆಸರುಗಳನ್ನೂ ಸೇರಿಸಿತು. ವಲಸಿಗರ ಕಷ್ಟ ಹೇಳುವಾಗ ಇದನ್ನು ಬಿಡುವುದು ಸರಿಯಲ್ಲ.

ಕಣಿವೆ ಮತ್ತೆ ತೆರೆದುಕೊಳ್ಳುತ್ತಿದ್ದಂತೆ ಮೊದಲು ಸಿಗುವ ಪುಟ್ಟ ಊರು ಪ್ರೂಸಿಯ. ಪ್ರಷ್ಯದಿಂದ ಬಂದವರು ಕೂತ ಜಾಗ. ಒಂದೆರಡು ಕಿ.ಮೀ. ಮುಂದೆ ಪೊಸೂಸೊ. ಮನೆಗಳು ಮರದವು, ಜಗಲಿಯಂಥ ಉದ್ದ ಬಾಲ್ಕನಿ, ಕಡಿದಾದ ಮಾಡು. ಟಿರೋಲಿನಲ್ಲಿ ಹಿಮ ಜಾರಿ ಬೀಳಲೆಂದು ಇಟ್ಟ ಇಳುಕಲು ಇಲ್ಲಿ ಮಳೆಗೆ ಒದಗಿದೆ. ಹಳೆಯ ಸಾನ್ ಹೊಸೆ ಇಗರ್ಜಿ, ಶಾಫರರ್ ವಸ್ತುಸಂಗ್ರಹಾಲಯ, ವಲಸಿಗರ ಸಮಾಧಿಗಳು, ಗಿಯೆರ್ಮೊ (ಜರ್ಮನಿಯ ವಿಲ್ಹೆಲ್ಮ್) ಚಕ್ರವರ್ತಿಯ ಹೆಸರಿನ ಹಳೆಯ ತೂಗುಸೇತುವೆ, ಇವಿಷ್ಟನ್ನು ನಡೆದೇ ಒಂದು ದಿನದಲ್ಲಿ ನೋಡಬಹುದು. ಸಂಗ್ರಹಾಲಯಕ್ಕೆ ಮೊದಲು ಹೋಗುವುದು ಒಳ್ಳೆಯದು. ಅಲ್ಲಿರುವ ಉಪಕರಣ, ಬಟ್ಟೆ, ಫೋಟೊ ನೋಡಿದ ಮೇಲೆ ಸಮಾಧಿಗಳ ಮೇಲಿನ ಮನೆತನದ ಹೆಸರುಗಳಿಗೆ ಮುಖ ಬರುತ್ತದೆ. ಜರ್ಮನ್ ಬಂದರೆ ಸಾಕು ಎಂದು ಹೋಗಬೇಡಿ. ಟಿರೋಲಿನ ಹಳೆಯ ಆಡುಮಾತು ಈಗ ಹಿರಿಯರಲ್ಲಷ್ಟೇ ಉಳಿದಿದೆ, ಬೀದಿಯಲ್ಲಿ, ಅಂಗಡಿಯಲ್ಲಿ, ಶಾಲೆಯಲ್ಲಿ ಸ್ಪ್ಯಾನಿಷ್. ನಾಲ್ಕು ವಾಕ್ಯ ಸ್ಪ್ಯಾನಿಷ್ ಕಲಿತಿದ್ದರೆ ಎಲ್ಲ ಬಾಗಿಲೂ ತೆರೆಯುತ್ತವೆ.

ಊರಿನ ಮುಖ್ಯ ಕಸುಬು ದನ ಸಾಕಣೆ. ಮೊದಮೊದಲು ಅಕ್ಕಿ, ಹೊಗೆಸೊಪ್ಪು, ಕೋಕ ಎಲೆ ಬೆಳೆದು ಹೇಸರಗತ್ತೆಗಳ ಮೇಲೆ ಹೊರಿಸಿ ದಿನಗಟ್ಟಲೆ ನಡೆದು ಮಾರಿ ಬರುತ್ತಿದ್ದರು. ರಸ್ತೆಯಿಲ್ಲದ ಊರಿಗೆ ದನ ಹೇಳಿಮಾಡಿಸಿದ ಸರಕು, ತನ್ನ ಕಾಲ ಮೇಲೆ ತಾನೇ ಸಂತೆಗೆ ನಡೆಯುತ್ತದೆ.

ಆದ್ದರಿಂದ ಹೋಟೆಲುಗಳಲ್ಲಿ ಮಾಂಸವೇ ಮುಂದು. ಸಸ್ಯಾಹಾರಿಗಳು ‘ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ’ ಎಂದು ಮೂರನ್ನೂ ಬಿಡಿಸಿ ಹೇಳಬೇಕು. ಬರೀ ‘ಕಾರ್ನೆ ಬೇಡ’ ಎಂದರೆ ಕೋಳಿ ಬರುತ್ತದೆ, ಕೋಳಿಯನ್ನು ಅಲ್ಲಿ ಕಾರ್ನೆ ಎಂದು ಲೆಕ್ಕ ಹಿಡಿಯುವುದಿಲ್ಲ. ಅನ್ನ, ಕಾಳು, ಬೇಯಿಸಿದ ಮರಗೆಣಸು, ಹುರಿದ ಬಾಳೆ, ಮೊಟ್ಟೆ, ಅಲ್ಲಿಯದೇ ಚೀಸ್ ಸಿಗುತ್ತವೆ. ತಪ್ಪದೆ ತಿನ್ನಬೇಕಾದದ್ದು ಬಾಳೆಹಣ್ಣಿನ ಸ್ಟ್ರೂಡೆಲ್, ಅಂದರೆ ತೆಳು ಕಣಕದಲ್ಲಿ ಹಣ್ಣು ಸುತ್ತಿ ಸುಟ್ಟ ತಿಂಡಿ. ಟಿರೋಲಿನಲ್ಲಿ ಇದಕ್ಕೆ ಸೇಬು ಹಾಕುತ್ತಾರೆ. ಈ ಸೆಕೆಯ ಕಣಿವೆಯಲ್ಲಿ ಕೈಗೆ ಸಿಕ್ಕಿದ್ದು ಬಾಳೆ, ಉಳಿದ ಕ್ರಮ ಹಾಗೆಯೇ ಉಳಿಯಿತು. ಸ್ಟ್ರೂಡೆಲ್ ಮಾಡುವುದು ಹೀಗೆ: ಕಾಲು ಕಿಲೊ ಮೈದಾಕ್ಕೆ ಎರಡು ಚಮಚ ಎಣ್ಣೆ, ಚಿಟಿಕೆ ಉಪ್ಪು, ಅರ್ಧ ಲೋಟ ಉಗುರುಬೆಚ್ಚಗಿನ ನೀರು ಹಾಕಿ ಹೋಳಿಗೆ ಕಣಕದಷ್ಟು ಮೆತ್ತಗೆ ಹತ್ತು ನಿಮಿಷ ನಾದಬೇಕು. ಮೇಲೆ ಎಣ್ಣೆ ಸವರಿ ಅರ್ಧ ಗಂಟೆ ಮುಚ್ಚಿಡಬೇಕು, ಈ ನೆನೆಯುವ ಹೊತ್ತು ತಪ್ಪಿದರೆ ಎಳೆಯುವಾಗ ಹರಿಯುತ್ತದೆ. ಆಮೇಲೆ ಹಿಟ್ಟು ಚಿಮುಕಿಸಿದ ಬಟ್ಟೆಯ ಮೇಲೆ ಲಟ್ಟಿಸಿ, ಕೈಗಳ ಹಿಂಬದಿಯಿಂದ ನಾಲ್ಕೂ ಕಡೆ ಎಳೆಯುತ್ತ, ಕೆಳಗಿನ ಬಟ್ಟೆಯ ಬಣ್ಣ ಕಾಣುವಷ್ಟು ತೆಳುಮಾಡಬೇಕು. ಬೆಣ್ಣೆಯಲ್ಲಿ ಹುರಿದ ಬ್ರೆಡ್ ಪುಡಿ ಹರಡಿ, ಅದರ ಮೇಲೆ ಬಾಳೆಹಣ್ಣಿನ ಬಿಲ್ಲೆ, ಸಕ್ಕರೆ, ದಾಲ್ಚಿನ್ನಿ. ಪುಡಿ ಹಣ್ಣಿನ ರಸ ಹೀರಿಕೊಳ್ಳಲು. ಅದಿಲ್ಲದಿದ್ದರೆ ತಳ ಒದ್ದೆಯಾಗಿ ಒಡೆಯುತ್ತದೆ. ಚುಕ್ಕೆ ಬಿದ್ದ ಕಳಿತ ಹಣ್ಣು ಬೇಡ, ಮುಟ್ಟಿದರೆ ಗಟ್ಟಿ ಇರುವ ಹಣ್ಣೇ ಸರಿ. ಬಟ್ಟೆಯನ್ನೇ ಎತ್ತುತ್ತ ಚಾಪೆ ಸುರುಳಿ ಸುತ್ತಿದಂತೆ ಸುತ್ತಿ, ಬೆಣ್ಣೆ ಸವರಿ, ಓವನ್ನಿನಲ್ಲಿ 190 ಡಿಗ್ರಿಗೆ ಮುಕ್ಕಾಲು ಗಂಟೆ ಸುಡಬೇಕು.

ವಾಪಸಾಗುವ ವ್ಯಾನಿನ ಸೀಟನ್ನು ಊರಿಗೆ ಬಂದಿಳಿದ ದಿನವೇ ಬರೆಸಿ. ದಿನಕ್ಕೆ ಹೊರಡುವುದು ಕೆಲವೇ ವ್ಯಾನು, ಅವೂ ಹೆಚ್ಚಾಗಿ ನಸುಕಿನಲ್ಲಿ. ಪೊಸೂಸೊ ಬಿಡುವ ದಿನಕ್ಕೂ ಲಿಮಾದ ವಿಮಾನಕ್ಕೂ ನಡುವೆ ಕನಿಷ್ಠ ಎರಡು ದಿನ ಖಾಲಿ ಇಡಿ. ಒಂದು ಈ ಕಣಿವೆಯ ಗುಡ್ಡಕ್ಕೆ, ಇನ್ನೊಂದು ತಿಕ್ಲಿಯೊದ ಹಿಮಕ್ಕೋ ಲಾರಿಗಳ ಸಾಲಿಗೋ. ದಾರಿ ತೆರೆದಿದ್ದು ಆ ದಿನಗಳು ಉಳಿದರೆ ಒಂದನ್ನು ತರ್ಮದಲ್ಲಿ ಕಳೆಯಿರಿ, 3,050 ಮೀಟರಿನಲ್ಲಿ ಒಂದು ರಾತ್ರಿ ಮಲಗಿ ಎದ್ದರೆ ತಿಕ್ಲಿಯೊ ಹತ್ತುವಾಗ ಸೊರೊಚೆ ಕಾಟ ಕಡಿಮೆ.